ಗೋಡೆಯಾಚೆಯ ಅಕಾರ್ಡಿಯನ್

ಚಿಂಚವಾಡ ಸ್ಟೇಶನ್ನಿನ ಹತ್ತಿರ ಒಂದು ಹೌಸಿಂಗ್ ಸೊಸೈಟಿ. ಅದರ ಎರಡನೆಯ ಮಹಡಿಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಎರಡು ಮನೆಗಳಲ್ಲಿ ಎರಡು ಅಕಾರ್ಡಿಯನ್‌ಗಳಿದ್ದವು. ಒಂದೇ ಇದ್ದಷ್ಟು ದಿನ ಯಾರಿಗೂ ಯಾವ ತೊಂದರೆಯೂ ಇರಲಿಲ್ಲ.

ಆ ಮೊದಲನೆಯದು ರಾಮಲಿಂಗಪ್ಪನದು. ಇಂಡಿ ತಾಲ್ಲೂಕಿನಿಂದ ಬಂದು ಪಿಂಪ್ರಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕಾರಕೂನನಾಗಿ ಸೇರಿಕೊಂಡವನು. ಬೇರಿಂಗು, ಬೋಲ್ಟು, ಗ್ರೀಸಿನ ಡಬ್ಬಿಗಳ ನಡುವೆ ಅವನ ಹಗಲು ಕಳೆಯುತ್ತಿತ್ತು. ಅಲ್ಲಿ ಅವನನ್ನು ಯಾರೂ ವಿಶೇಷವಾಗಿ ಗುರುತಿಸುತ್ತಿರಲಿಲ್ಲ. ಆದರೆ ಪುಣೆಯ ಕನ್ನಡದ ಮನೆಗಳಲ್ಲಿ ‘ಅಕಾರ್ಡಿಯನ್ ರಾಮಲಿಂಗಪ್ಪ’ ಎಂದರೆ ಕೂತವರು ಸರಿದು ಜಾಗ ಮಾಡಿಕೊಡುತ್ತಿದ್ದರು. ಪ್ರತಿ ನವೆಂಬರಿನಲ್ಲಿ ಕನ್ನಡ ಸಂಘದ ರಾಜ್ಯೋತ್ಸವ ಶುರುವಾಗುತ್ತಿದ್ದದ್ದೇ ಅವನಿಂದ. ಪರದೆ ಸರಿಯುತ್ತಿದ್ದಂತೆ ವೇದಿಕೆಯ ನಡುವೆ ಅವನೊಬ್ಬನೇ ಕುರ್ಚಿಯ ಮೇಲೆ ಕೂತು ನಾಲ್ಕು ನಿಮಿಷದ ಒಂದು ಧುನ್ ನುಡಿಸಬೇಕು, ಆಮೇಲೆ ಅಧ್ಯಕ್ಷರು ದೀಪ ಹಚ್ಚಬೇಕು. ಹದಿನಾಲ್ಕು ವರ್ಷ ಈ ಪದ್ಧತಿ ಒಮ್ಮೆಯೂ ತಪ್ಪಿರಲಿಲ್ಲ. ಸ್ಟೋರಿನಲ್ಲಿ ಸಾಹೇಬರು ಬೈದ ದಿನ ರಾಮಲಿಂಗಪ್ಪ ಆ ನಾಲ್ಕು ನಿಮಿಷವನ್ನು ನೆನೆದು ಸಮಾಧಾನ ಮಾಡಿಕೊಳ್ಳುತ್ತಿದ್ದ.

ಆ ಧುನ್ ಅವನಿಗೆ ಪುಕ್ಕಟೆ ಸಿಕ್ಕದ್ದಲ್ಲ. ಅದು ಗೂಳಪ್ಪ ಮಾಸ್ತರರದು. ಮಾಸ್ತರರು ಹರೆಯದಲ್ಲಿ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಬಾರಿಸುತ್ತಿದ್ದವರು, ಆಮೇಲೆ ಪುಣೆ ಕ್ಯಾಂಪಿನ ಒಂದು ಬ್ಯಾಂಡಿನಲ್ಲಿ ಅಕಾರ್ಡಿಯನ್ ಹಿಡಿದವರು. ಎಂಬತ್ತೇಳನೆಯ ಇಸವಿಯಿಂದ ರಾಮಲಿಂಗಪ್ಪ ಪ್ರತಿ ಗುರುವಾರ, ಕಾರ್ಖಾನೆಗೆ ರಜೆ ಇರುವ ದಿನ, ಲೋಕಲ್ ರೈಲು ಹತ್ತಿ ಅವರ ಮನೆಗೆ ಹೋಗುತ್ತಿದ್ದ. ಹನ್ನೊಂದು ವರ್ಷ ಹೋದ. ಮಾಸ್ತರರು ಕಲಿಸುವ ರೀತಿಯೇ ಬೇರೆ. ಅಡುಗೆಮನೆಯ ಬಾಗಿಲಿಗೆ ತಾಗಿದ ಮಂಚದ ಮೇಲೆ ಅವರು ಬೀದಿಯ ಕಡೆ ಮುಖ ಮಾಡಿ ಕೂಡುತ್ತಿದ್ದರು. ಶಿಷ್ಯರು ಚಾಪೆಯ ಮೇಲೆ, ಅವರ ಬೆನ್ನ ಹಿಂದೆ, ಬಲಕ್ಕೆ. ಬಲಗೈಯ ಪಟ್ಟಿಗಳ ಮೇಲೆ ಒಂದು ಶಾಲು. ಬೆರಳು ಎಲ್ಲಿ ಹೋಯಿತು, ಎಲ್ಲಿ ಬಂತು ಎನ್ನುವುದು ಆ ಶಾಲಿಗಷ್ಟೇ ಗೊತ್ತು. ವಿದ್ಯೆಯನ್ನು ಕಿವಿಯಿಂದ ಗಳಿಸಬೇಕು, ಕಣ್ಣಿನಿಂದ ಕದಿಯಬಾರದು ಎಂದು ಅವರ ಮಾತು. ನಿಜ ಏನೆಂದರೆ, ಒಬ್ಬ ಶಿಷ್ಯ ಪೂರ್ತಿ ಕಲಿತರೆ ಮರುದಿನವೇ ಮದುವೆಯ ಬ್ಯಾಂಡಿನ ಮುಂಗಡ ಹಿಡಿಯಲು ಎದುರು ಬಂದು ನಿಲ್ಲುತ್ತಾನೆ ಎಂಬ ಹೆದರಿಕೆ. ಅಂದಿನ ಬ್ಯಾಂಡಿನವರೆಲ್ಲ ಹೀಗೇ ಇದ್ದರು, ಮಾಸ್ತರರು ಸ್ವಲ್ಪ ಹೆಚ್ಚು.

ಎಡಗಡೆಯ ನೂರಿಪ್ಪತ್ತು ಗುಂಡಿಗಳು ಯಾತಕ್ಕೆ ಎಂದು ರಾಮಲಿಂಗಪ್ಪ ಒಮ್ಮೆ ಕೇಳಿದ್ದ. ಅದು ಸಾಹೇಬರ ಸಂಗೀತದ ಸಲುವಾಗಿ ಇಟ್ಟದ್ದು, ನಮಗೆ ಬೇಡ, ಎಡಗೈ ಇರುವುದು ತಿದಿ ಎಳೆಯಲಿಕ್ಕೆ ಎಂದು ಮಾಸ್ತರರು ಅಲ್ಲಿಗೇ ಮಾತು ಮುಗಿಸಿದರು. ರಾಮಲಿಂಗಪ್ಪ ನಂಬಿದ. ಮುಂದೆ ಆರ್ಕೆಸ್ಟ್ರಾದಲ್ಲಿ ಯಾರಾದರೂ ಕೇಳಿದರೆ ತಾನೂ ಅದನ್ನೇ ಗತ್ತಿನಿಂದ ಹೇಳಿದ.

ಆ ಧುನ್‌ನ ಜೀವ ಇರುವುದು ನಡುವಿನ ಒಂದು ಜಾಗದಲ್ಲಿ. ಮೇಲಿನ ಒಂದು ಸ್ವರ ಹಿಡಿದು ನಿಂತಿರುತ್ತದೆ, ಅದು ನಿಂತಿರುವಾಗಲೇ ಕೆಳಗೆ, ಎಲ್ಲೋ ಆಳದಲ್ಲಿ, ಇನ್ನೊಂದು ಸ್ವರ ಏಳುತ್ತದೆ. ಕೇಳಿದವರು ಒಂದು ಕ್ಷಣ ಉಸಿರು ಹಿಡಿಯುತ್ತಾರೆ. ಈ ಎರಡನ್ನೂ ಒಂದೇ ಕೈಯಲ್ಲಿ ಹೇಗೆ ಹಿಡಿಯುವುದೆಂದು ರಾಮಲಿಂಗಪ್ಪ ಮೂರು ವರ್ಷ ತಲೆ ಕೆಡಿಸಿಕೊಂಡ. ಕೊನೆಗೆ ಕಿರುಬೆರಳನ್ನು ಮೇಲಿನ ಪಟ್ಟಿಯ ಮೇಲೂ ಹೆಬ್ಬೆರಳನ್ನು ಹತ್ತು ಪಟ್ಟಿ ಕೆಳಗೂ ಚಾಚಿ ಹಿಡಿಯುವುದನ್ನು ಸಾಧಿಸಿದ. ಬೆರಳುಗಳ ಸಂದಿಯಲ್ಲಿ ಬಾಟಲಿಯ ಬುಚ್ಚು ಸಿಕ್ಕಿಸಿಕೊಂಡು ಮಲಗಿ, ಕೈ ಅಗಲಿಸಿ ಅಗಲಿಸಿ, ಕಿರುಬೆರಳು ಶಾಶ್ವತವಾಗಿ ಸೊಟ್ಟಗಾಯಿತು. ಮಾಸ್ತರರು ನುಡಿಸಿದಾಗ ಬರುವ ಆಳ ತನ್ನಲ್ಲಿ ಬರುವುದಿಲ್ಲ ಎನ್ನುವುದು ಅವನಿಗೆ ಕೇಳಿಸುತ್ತಿತ್ತು. ಅವರದು ಜರ್ಮನ್ ಪೆಟ್ಟಿಗೆ, ಅದಕ್ಕೆ ಹಾಗೆ ಎಂದುಕೊಂಡು ಸುಮ್ಮನಾದ.

ತೊಂಬತ್ತೆಂಟರಲ್ಲಿ ಮಾಸ್ತರರು ತೀರಿಕೊಂಡರು. ಉಳಿದ ಶಿಷ್ಯರು ಆಗಲೇ ಚೆದುರಿಹೋಗಿದ್ದರು. ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ಬಂದು ಅಕಾರ್ಡಿಯನ್ನಿಗೆ ಕೆಲಸ ಇಲ್ಲದಾಯಿತು. ಆ ಧುನ್ ನುಡಿಸುವವನು ಭೂಮಿಯ ಮೇಲೆ ತಾನೊಬ್ಬನೇ ಎಂಬ ಅರಿವು ರಾಮಲಿಂಗಪ್ಪನಿಗೆ ದುಃಖಕ್ಕಿಂತ ಸುಖವನ್ನೇ ಹೆಚ್ಚು ಕೊಟ್ಟಿತು ಎಂದು ಹೇಳಿದರೆ ಅವನು ಜಗಳಕ್ಕೆ ಬಂದಾನು, ಆದರೆ ಸುಳ್ಳೆನ್ನಲಾರ. ತಾನೂ ಬೆರಳ ಮೇಲೆ ಒಂದು ಕೆಂಪು ನ್ಯಾಪ್‌ಕಿನ್ ಹಾಸಿಯೇ ನುಡಿಸುತ್ತಿದ್ದ. ಸಂಘದವರು ಅದನ್ನು ಒಂದು ಕಸರತ್ತು ಎಂದು ತಿಳಿದು ಚಪ್ಪಾಳೆ ಹೊಡೆಯುತ್ತಿದ್ದರು. ಮಗಳು ಮಾಧುರಿ ಚಿಕ್ಕವಳಿದ್ದಾಗ ಕಲಿಸು ಎಂದು ಬೆನ್ನು ಹತ್ತಿದರೆ, ಮೊದಲು ಹತ್ತನೇ ಕ್ಲಾಸು ಪಾಸಾಗು ಎಂದ. ಪಾಸಾದ ಮೇಲೆ ಹನ್ನೆರಡನೇ ಕ್ಲಾಸು ಎಂದ. ಅವಳು ಕೇಳುವುದನ್ನು ಬಿಟ್ಟಳು.

ಎರಡನೆಯ ಅಕಾರ್ಡಿಯನ್ ತನಿಯಪ್ಪನದು.

ತನಿಯಪ್ಪ ಪುತ್ತೂರಿನ ಕಡೆಯವನು, ಸ್ಟೇಶನ್ ಎದುರಿಗೆ ಒಂದು ಚಿಕ್ಕ ಹೋಟೆಲು ನಡೆಸುತ್ತಿದ್ದ. ಬೆಳಗಿನ ಐದರಿಂದ ಇಡ್ಲಿ, ವಡೆ, ಮಧ್ಯಾಹ್ನ ಊಟ, ಮೂರರಿಂದ ಐದು ಬಿಡುವು. ಐವತ್ತೊಂದನೆಯ ವಯಸ್ಸಿನಲ್ಲಿ, ಎರಡು ಸಾವಿರದ ಏಳರ ಒಂದು ಭಾನುವಾರ, ಹಳೆ ಸಾಮಾನು ಮಾರುವ ಜುನಾ ಬಾಜಾರಿನಲ್ಲಿ ಮುರುಕು ಫ್ಯಾನು, ಇಸ್ತ್ರಿಪೆಟ್ಟಿಗೆಗಳ ನಡುವೆ ಬಿದ್ದಿದ್ದ ಒಂದು ಅಕಾರ್ಡಿಯನ್ ಹೊತ್ತುಕೊಂಡು ಬಂದ. ಸಂಜೆ ರಾಮಲಿಂಗಪ್ಪನ ಮನೆಗೇ ಬಂದು, ನಾಲ್ಕು ಅಕ್ಷರ ಹೇಳಿಕೊಡಬೇಕು ಎಂದು ಕೇಳಿದ. ಕೈಯಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಬಿಸಿ ಗೋಳಿಬಜೆ ಇತ್ತು. ರಾಮಲಿಂಗಪ್ಪ ಗೋಳಿಬಜೆ ತಿಂದ, ವಯಸ್ಸಾದ ಮೇಲೆ ಬೆರಳು ಬಗ್ಗುವುದಿಲ್ಲ, ಹನ್ನೊಂದು ವರ್ಷ ಬೇಕು ಎಂದು ಕಳಿಸಿಬಿಟ್ಟ. ಒಳಗಿನಿಂದ ಕೇಳಿಸಿಕೊಂಡ ಹೆಂಡತಿ ಶಿವಬಸವ್ವ, ಪಾಪ, ಒಂದು ಮಾತು ಹೇಳಿಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು ಎಂದಳು. 

ತನಿಯಪ್ಪ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡ. ಯೂಟ್ಯೂಬಿನಲ್ಲಿ ಯಾವುದೋ ದೇಶದ ಒಬ್ಬ ಮುದುಕ ಅಡುಗೆಮನೆಯಲ್ಲಿ ಕೂತು ಬೆರಳು ಬೆರಳಾಗಿ ಪಾಠ ಹೇಳುತ್ತಿದ್ದನಂತೆ. ಭಾಷೆ ತನಿಯಪ್ಪನಿಗೆ ತಿಳಿಯದು, ಬೆರಳು ತಿಳಿಯಿತು. ಮೂರರಿಂದ ಐದು, ದಿನಾಲೂ. ಮೊದಲ ತಿಂಗಳು ಗೋಡೆಯಾಚೆಯಿಂದ ಬಂದ ಸಪ್ಪಳ ಕೇಳಿ ರಾಮಲಿಂಗಪ್ಪ ಬಹಳ ಸಂತೋಷಪಟ್ಟ. ಕಾರ್ಖಾನೆಯಲ್ಲಿ ಗೆಳೆಯರ ಮುಂದೆ ಅದನ್ನು ನಕಲು ಮಾಡಿ ತೋರಿಸಿ ನಗಿಸಿದ. ಮೂರನೆಯ ತಿಂಗಳಿಗೆ ನಗು ಕಡಿಮೆಯಾಯಿತು. ಆರನೆಯ ತಿಂಗಳಿನ ಒಂದು ಗುರುವಾರ ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗಿದ್ದವನು ಥಟ್ಟನೆ ಎದ್ದು ಕೂತ. ಗೋಡೆಯಾಚೆ ತಾಳ ತಪ್ಪದೆ ಒಂದು ಹಾಡು ಹರಿಯುತ್ತಿತ್ತು, ಅದರ ಕೆಳಗೆ ಹೆಜ್ಜೆ ಹಾಕುತ್ತ ಇನ್ನೊಂದು ಸ್ವರ ನಡೆಯುತ್ತಿತ್ತು. ಅದು ಎಡಗೈ.  ಆರು ತಿಂಗಳು ಎಂದರೆ ಎಷ್ಟು ಗುರುವಾರ ಎಂದು ಲೆಕ್ಕ ಹಾಕಿದ, ಇಪ್ಪತ್ತಾರು. ತನ್ನವು ಐನೂರರ ಮೇಲೆ.

ಅಷ್ಟಕ್ಕೇ ನಿಂತಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದ. ತನಿಯಪ್ಪ ತಾನು ಕಲಿತದ್ದನ್ನು ತಾನೂ ವಿಡಿಯೊ ಮಾಡಿ ಹಾಕತೊಡಗಿದ. ಕನ್ನಡದಲ್ಲಿ, ಒಂದನೆಯ ಪಾಠ, ಎರಡನೆಯ ಪಾಠ. ಸಂಘದ ಹೆಂಗಸರು ಗಂಡಸರು ಹೋಟೆಲಿಗೆ ಹೋಗಿ ಅದರ ಬಗ್ಗೆ ಮಾತಾಡತೊಡಗಿದರು. ಚಾಕಣದ ಕಂಪನಿಯ ಇಬ್ಬರು, ಧಾರವಾಡದ ಒಬ್ಬ ಮೇಷ್ಟ್ರು, ದುಬೈಯ ಒಬ್ಬ ಡ್ರೈವರು ಅವನ ವಿಡಿಯೊ ನೋಡಿ ಅಕಾರ್ಡಿಯನ್ ಹಿಡಿದಿದ್ದಾರಂತೆ. ಅಂತೆ ಅಂತೆ ಎಂದು ಕೇಳಿ ಕೇಳಿ ರಾಮಲಿಂಗಪ್ಪನ ಮೈ ಉರಿದುಹೋಯಿತು. ಅವನು ತನಿಯಪ್ಪನ ಹೋಟೆಲಿನ ಚಹಾ ಬಿಟ್ಟ, ಮೆಟ್ಟಿಲಲ್ಲಿ ಎದುರು ಸಿಕ್ಕರೆ ಮೊಬೈಲು ನೋಡುವವನಂತೆ ನಟಿಸಿದ. ತನಿಯಪ್ಪನಿಗೆ ಇದಾವುದೂ ತಿಳಿಯಲಿಲ್ಲ, ಅವನು ಎಂದಿನಂತೆ ನಮಸ್ಕಾರ ಮಾಡುತ್ತಲೇ ಇದ್ದ. ಅದೂ ಉರಿಸಿತು.

ಕೊನೆಗೆ ಒಂದು ಗುರುವಾರ ಕಾರ್ಖಾನೆಯ ಕಡೆಯವರು ಯಾರೂ ಬಾರದ ಒಂದು ಸೈಬರ್ ಕೆಫೆ ಹುಡುಕಿ ಹೋಗಿ, ಮೂಲೆಯ ಕ್ಯಾಬಿನ್ನಿನಲ್ಲಿ ಕೂತು ತನಿಯಪ್ಪನ ಪಾಠಗಳನ್ನು ಒಂದೊಂದಾಗಿ ತೆಗೆದು ನೋಡಿದ. ತಪ್ಪು ಹುಡುಕುವ ಉದ್ದೇಶ. ತಿದಿ ತಿರುಗಿಸುವ ಜಾಗ ತಪ್ಪು, ಭುಜ ಎತ್ತುತ್ತಾನೆ, ಬರೀ ಬನಿಯನ್ನಿನಲ್ಲಿ ಕೂತಿದ್ದಾನೆ. ಒಳ್ಳೆಯ ಸಮಾಧಾನವಾಗುತ್ತಿತ್ತು. ಹದಿನಾಲ್ಕನೆಯ ಪಾಠಕ್ಕೆ ಬಂದಾಗ ಕುರ್ಚಿ ಮುಂದಕ್ಕೆ ಎಳೆದುಕೊಂಡ. ಅದು ಗೂಳಪ್ಪ ಮಾಸ್ತರರ ಧುನ್. ಶುರುವಿನಿಂದ ಕೊನೆಯ ತನಕ, ಬೆರಳು ಬಿಚ್ಚಿಟ್ಟು, ಇಲ್ಲಿ ಒಂದು, ಇಲ್ಲಿ ಎರಡು ಎಂದು ತೋರಿಸುತ್ತ. ಮೊದಲಿಗೆ ಮಾತ್ರ ತನಿಯಪ್ಪ, ಇದು ನಮ್ಮ ಪಕ್ಕದ ಮನೆಯಲ್ಲಿ ಕೇಳಿಬರುವ ಧುನ್, ಹೆಸರು ಗೊತ್ತಿಲ್ಲ, ಬಹಳ ಚಂದ ಉಂಟು ಎಂದಿದ್ದ. ಪಕ್ಕದ ಮನೆಯಲ್ಲಿ ಕೇಳಿಬರುವ. ರಾಮಲಿಂಗಪ್ಪ ಎಂದರೆ ಒಂದು ರೇಡಿಯೊ.

ಆದರೆ ಆ ನಡುವಿನ ಜಾಗ ಬಂದಾಗ ಅವನಿಗೆ ಜೀವ ಬಂತು. ಅಲ್ಲಿ ತನಿಯಪ್ಪ ಬಲಗೈ ಚಾಚಲೇ ಇಲ್ಲ. ಮೇಲಿನ ಸ್ವರವನ್ನು ಬಲಗೈಯಲ್ಲಿ ಹಿಡಿದು, ಕೆಳಗಿನದಕ್ಕೆ ಎಡಗೈಯ ಒಂದು ಗುಂಡಿ ಒತ್ತಿದ. ಎಮ್ಮೆ ಗುಟುರು ಹಾಕಿದಂತೆ ಕೇಳಿತು ರಾಮಲಿಂಗಪ್ಪನಿಗೆ. ಹತ್ತು ಪಟ್ಟಿಯ ಚಾಚು ಇವನಿಗೆ ಗೊತ್ತಿಲ್ಲ, ಗೊತ್ತಾಗುವುದು ಸಾಧ್ಯವೂ ಇಲ್ಲ, ಅದು ನ್ಯಾಪ್‌ಕಿನ್ನಿನ ಕೆಳಗಿದೆ. ಕ್ಯಾಬಿನ್ನಿನಿಂದ ಹೊರಗೆ ಬಂದಾಗ ಅವನ ಮುಖ ಅರಳಿತ್ತು.

ಆ ಅರಳಿದ ಮುಖ ಬಾಡಿಸಿದವನು ಸಂಘದ ಸೆಕ್ರೆಟರಿ ಹಣಮಂತ್ರಾಯ. ಅಕ್ಟೋಬರಿನ ಸಭೆಯಲ್ಲಿ ಅವನು, ಈ ವರ್ಷ ಉದ್ಘಾಟನೆಯ ಧುನ್ ತನಿಯಪ್ಪನವರು ನುಡಿಸಲಿ ಎಂದು ಸೂಚಿಸಿದ. ಅದೇ ಧುನ್, ಅವರು ಎರಡೂ ಕೈಯಲ್ಲಿ ನುಡಿಸುತ್ತಾರೆ, ದೊಡ್ಡದಾಗಿ ಕೇಳುತ್ತದೆ, ವಿಡಿಯೊ ನೋಡಿದವರು ಎರಡು ಸಾವಿರ ಜನ ಇದ್ದಾರೆ. ಹಿಂದಿನ ಸಾಲಿನಲ್ಲಿ ಕೂತಿದ್ದ ತನಿಯಪ್ಪ ಎದ್ದು, ರಾಮಲಿಂಗಪ್ಪನವರು ಇರುವಾಗ ತಾನು ಯಾಕೆ ಎಂದ. ಆ ಮಾತಿನಲ್ಲಿ ಒಂದಿಷ್ಟೂ ಕಪಟ ಇರಲಿಲ್ಲ. ರಾಮಲಿಂಗಪ್ಪನಿಗೆ ಮಾತ್ರ ಅದು ಉಪ್ಪು ಖಾರ ಹಚ್ಚಿದಂತಾಯಿತು.

“ಅವರ ಧುನ್ ತಪ್ಪ ಅದ್ರಿ,” ಎಂದ, ಎಲ್ಲರೂ ಕೇಳುವಂತೆ. “ನಡುವಿನ ಜಾಗಾನ ತಪ್ಪ ಅದ. ಮಾಸ್ತರ್ ಹತ್ರ ಹನ್ನೊಂದ ವರ್ಷ ಕೂತಾಂವ ನಾ. ಗ್ವಾಡಿಗೆ ಕಿವಿ ಹಚ್ಚಿ ಕಲ್ತಾಂವ ಅಲ್ಲ.”

 ಹಣಮಂತ್ರಾಯ ಜಗಳ ಬೇಡದ ಮನುಷ್ಯ. ಸರಿ ಯಾವುದು, ತಪ್ಪು ಯಾವುದು ಎಂದು ಹೇಳುವವರು ಯಾರಾದರೂ ಇದ್ದರೆ ಅವರನ್ನೇ ಕೇಳೋಣ ಎಂದ. ಮೊದಲು ಜಗತ್ತಿಗೇ ತೋರಿಸುತ್ತೇನೆ, ಆಮೇಲೆ ಸಾಕ್ಷಿಯನ್ನೂ ತರುತ್ತೇನೆ ಎಂದು ರಾಮಲಿಂಗಪ್ಪ ಎದ್ದು ಬಂದ.

ಮನೆಗೆ ಬಂದು ಮಾಧುರಿಗೆ ವಿಡಿಯೊ ತೆಗೆಯಲು ಹೇಳಿದ. ಕಾಲೇಜಿನ ಗೆಳತಿಯ ಕ್ಯಾಮರಾ ತಂದು ಅವಳು ತೆಗೆದಳು, ಸೈಬರ್ ಕೆಫೆಗೆ ಹೋಗಿ ಯೂಟ್ಯೂಬಿಗೆ ಹಾಕಿಯೂ ಬಂದಳು. ಎರಡು ದಿನದ ಮೇಲೆ ಅದರ ಕೆಳಗೆ ಯಾರೋ ಬರೆದಿದ್ದರು, ಅಂಕಲ್, ಕರವಸ್ತ್ರದ ಪಾಠ ಚೆನ್ನಾಗಿದೆ, ಬೆರಳಿನ ಪಾಠ ಯಾವಾಗ ಎಂದು. ಅಭ್ಯಾಸಬಲದಿಂದ ಅವನು ನ್ಯಾಪ್‌ಕಿನ್ ಹಾಸಿಕೊಂಡೇ ಪಾಠ ಮಾಡಿದ್ದ. ಮಗಳಿಗೂ ತೋಚಿರಲಿಲ್ಲ, ಹುಟ್ಟಿದಾಗಿನಿಂದ ಆ ಬಟ್ಟೆ ಇಲ್ಲದೆ ಅವಳು ಅಪ್ಪನ ಕೈ ನೋಡಿದ್ದೇ ಇಲ್ಲ.

ಗುರುವಾರ ಮತ್ತೆ ತೆಗೆಯಬೇಕಾಯಿತು. ಶಿವಬಸವ್ವ ಹಿಟ್ಟು ನಾದುವುದನ್ನು ಬಿಟ್ಟು ಬಾಗಿಲಲ್ಲಿ ನಿಂತಳು. ರಾಮಲಿಂಗಪ್ಪ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡ, ನ್ಯಾಪ್‌ಕಿನ್ ತೆಗೆದ, ಮತ್ತೆ ಹಾಕಿದ, ಬಾಯಿ ಒರೆಸಿಕೊಂಡ. ಸಂತೆಯ ನಡುವೆ ಧೋತರ ಬಿಚ್ಚು ಎಂದರೂ ಇಷ್ಟು ಸಂಕೋಚವಾಗುತ್ತಿರಲಿಲ್ಲ. ಇದನ್ನು ಹೊರಗೆ ಬಿಟ್ಟರೆ ತನಗೆ ಉಳಿಯುವುದು ಏನು ಎಂದು ಒಂದು ಗಳಿಗೆ ಅನ್ನಿಸಿತು. ಬಿಡದಿದ್ದರೆ ತನಿಯಪ್ಪನ ತಪ್ಪೇ ನಿಜವಾಗಿ ನಿಲ್ಲುತ್ತದೆ. ಗೋಡೆಯಾಚೆ ಅಷ್ಟು ಹೊತ್ತಿಗೆ ಸರಿಯಾಗಿ ಅಭ್ಯಾಸ ಶುರುವಾಯಿತು, ಅದು ಕಿವಿಗೆ ಬಿದ್ದದ್ದೇ ತಡ ನ್ಯಾಪ್‌ಕಿನ್ ತೆಗೆದು ಎಸೆದ. ಪ್ರೀತಿಯಿಂದ ಆಗದ್ದು ಹೊಟ್ಟೆಕಿಚ್ಚಿನಿಂದ ಆಯಿತು.

ಅವನು ಹತ್ತು ಪಟ್ಟಿಯ ಚಾಚನ್ನು ಮೂರು ಸಲ ತೋರಿಸಿದ. ಸೊಟ್ಟ ಕಿರುಬೆರಳನ್ನು ಕ್ಯಾಮರಾಕ್ಕೆ ಹತ್ತಿರ ಹಿಡಿದ. ಕೆಲವರು ಎಡಗೈಯಿಂದ ಒತ್ತುವುದುಂಟು, ಅದು ಕಲಿಯದವರ ದಾರಿ ಎಂದು ಹೆಸರು ಹೇಳದೆ ಚುಚ್ಚಿದ. ಮಾಧುರಿ ಅಪ್ಪನ ಬೆರಳನ್ನೇ ನೋಡುತ್ತ, ಇಷ್ಟು ವರ್ಷ ಇದನ್ನು ಮುಚ್ಚಿಟ್ಟುಕೊಂಡಿದ್ದೆಯಾ ಎಂದು ಮೆಲ್ಲಗೆ ಕೇಳಿದಳು. ಅವನಿಗೆ ಅದು ಹೊಗಳಿಕೆಯಂತೆ ಕೇಳಿಸಿತು.

ಒಂದು ವಾರ ರಾಮಲಿಂಗಪ್ಪ ಸುಖಿಯಾಗಿದ್ದ. ಮುನ್ನೂರು ಜನ ನೋಡಿದರು. ದುಬೈಯ ಡ್ರೈವರು, ಅಬ್ಬಾ ಏನು ಕೈ ಎಂದು ಬರೆದ. ಇನ್ನು ಉಳಿದದ್ದು ಸಾಕ್ಷಿ. ಅದು ಅವನ ತಲೆಯಲ್ಲಿ ಸಭೆಯ ದಿನವೇ ಸಿದ್ಧವಾಗಿತ್ತು: ಮಾಸ್ತರರ ಮಗಳು ಸಾವಿತ್ರಿಬಾಯಿ. ಸ್ವಾರಗೇಟಿನ ಹಿಂದಿನ ಗಲ್ಲಿಯಲ್ಲಿ ಸೀರೆಗೆ ಫಾಲು ಹಚ್ಚಿಕೊಡುವ ಕೆಲಸ ಮಾಡಿಕೊಂಡಿದ್ದಳು. ಅವನು ಪಾಠಕ್ಕೆ ಹೋಗುತ್ತಿದ್ದ ಕಾಲದಲ್ಲಿ ಒಳಗೆ ಅಡುಗೆ ಮಾಡುತ್ತ, ನಡುನಡುವೆ ಚಹಾ ತಂದಿಡುತ್ತಿದ್ದವಳು. ಅವಳೊಡನೆ ಹನ್ನೊಂದು ವರ್ಷದಲ್ಲಿ ಹನ್ನೊಂದು ಮಾತು ಆಡಿದ್ದನೋ ಇಲ್ಲವೋ.

ಮುಂದಿನ ಗುರುವಾರ ಹಣಮಂತ್ರಾಯನನ್ನೂ ಮಗಳನ್ನೂ ಕರೆದುಕೊಂಡು ಹೋದ. ತನಿಯಪ್ಪನನ್ನೂ ಕರೆಯೋಣ ಎಂದು ಹಣಮಂತ್ರಾಯ ಅಂದದ್ದಕ್ಕೆ, ಅವನು ಯಾಕೆ, ಅವನ ವಿಡಿಯೊ ಸಾಕಲ್ಲ ಎಂದ. ಸಾವಿತ್ರಿಬಾಯಿ ಕನ್ನಡಕ ಏರಿಸಿ ಗುರುತು ಹಿಡಿದಳು, ಸೂಜಿ ದಾರ ಬದಿಗಿಟ್ಟು ಬಂದಳು. ಬಸ್‌ಸ್ಟ್ಯಾಂಡಿನ ಎದುರಿನ ಸೈಬರ್ ಕೆಫೆಯಲ್ಲಿ ಒಬ್ಬರು ಕೂಡುವ ಕ್ಯಾಬಿನ್ನಿನಲ್ಲಿ ನಾಲ್ವರು ತುರುಕಿಕೊಂಡರು. ಇದ್ದದ್ದು ಒಂದೇ ಹೆಡ್‌ಫೋನು, ಅದನ್ನು ಮಾಧುರಿ ಸಾವಿತ್ರಿಬಾಯಿಯ ಕಿವಿಗೆ ಹಾಕಿದಳು. ಉಳಿದವರಿಗೆ ಕೇಳುವುದು ಏನೂ ಇರಲಿಲ್ಲ, ಅವಳ ಮುಖ ನೋಡುವುದಷ್ಟೇ.

ಮೊದಲು ರಾಮಲಿಂಗಪ್ಪನ ವಿಡಿಯೊ. ಅವಳು ಸಣ್ಣಗೆ ತಲೆದೂಗುತ್ತ ನೋಡಿದಳು. ಅಪ್ಪನ ಧುನ್ ಹತ್ತು ವರ್ಷದ ಮೇಲೆ ಕೇಳಿ ಕಣ್ಣು ತೇವವಾಯಿತು. ಚಾಚಿನ ಜಾಗದಲ್ಲಿ ಹುಬ್ಬು ಗಂಟಿಕ್ಕಿದಳು, ಆದರೆ ಏನೂ ಹೇಳಲಿಲ್ಲ. ಬೆರಳಿನ ಕಷ್ಟ ನೋಡಿ ಬೆರಗಾಗಿದ್ದಾಳೆ ಎಂದುಕೊಂಡ ರಾಮಲಿಂಗಪ್ಪ. ಆಮೇಲೆ ಮಾಧುರಿ ಹದಿನಾಲ್ಕನೆಯ ಪಾಠ ಹಾಕಿದಳು. ಬನಿಯನ್ನಿನಲ್ಲಿ ಕೂತ ತನಿಯಪ್ಪ ಬಂದ. ಒಂದು ನಿಮಿಷ, ಎರಡು ನಿಮಿಷ. ನಡುವಿನ ಜಾಗ ಹತ್ತಿರ ಬರುತ್ತಿದ್ದಂತೆ ಸಾವಿತ್ರಿಬಾಯಿಯ ಎಡಗೈ ಮಡಿಲಲ್ಲಿ ತಾನಾಗಿ ಎದ್ದಿತು, ನಡುಬೆರಳು ಗಾಳಿಯಲ್ಲಿ ಒಂದು ಸಲ ಒತ್ತಿತು. ಪರದೆಯ ಮೇಲೆ ತನಿಯಪ್ಪನ ಬೆರಳೂ ಅದೇ ಹೊತ್ತಿಗೆ ಒತ್ತಿತು.

ಅವಳು ಹೆಡ್‌ಫೋನು ತೆಗೆದಳು.

“ಇವರು ಯಾರ್ರೀ? ಅಪ್ಪನ್ನ ಯಾವಾಗ ನೋಡಿದ್ರು?”

 ಅವರು ಮಾಸ್ತರರನ್ನು ನೋಡಿಯೇ ಇಲ್ಲ ಎಂದು ಹಣಮಂತ್ರಾಯ ಹೇಳಿದ. ಅವಳು ನಂಬಲಿಲ್ಲ. ಅಪ್ಪ ಆ ಜಾಗದಲ್ಲಿ ಎಡಗೈಯ ಗುಂಡಿಯನ್ನೇ ಒತ್ತುತ್ತಿದ್ದ, ಯಾವಾಗಲೂ ನಡುಬೆರಳಿನಿಂದ, ಒತ್ತುವಾಗ ತುಟಿ ಕಚ್ಚುತ್ತಿದ್ದ, ಒಲೆಯ ಮುಂದೆ ಕೂತವಳಿಗೆ ದಿನಾ ಕಾಣುತ್ತಿತ್ತು ಎಂದಳು. ಎಡಗೈ ಅಡುಗೆಮನೆಯ ಕಡೆಗೇ ಇರುತ್ತಿತ್ತಲ್ಲ.

ರಾಮಲಿಂಗಪ್ಪ ಅವಳ ಕಡೆ ಬಾಗಿದ. “ನಾ ಹನ್ನೊಂದ ವರ್ಷ ಕಲ್ತೀನ್ರಿ, ಸಾವಿತ್ರಿಬಾಯಿ.”

“ಹೌದ್ರಿ. ಹನ್ನೊಂದ ವರ್ಷ ನೀವು ಅಪ್ಪನ ಬೆನ್ನ ನೋಡೀರಿ.” ಅವಳ ದನಿಯಲ್ಲಿ ಕುಹಕ ಇರಲಿಲ್ಲ, ಮರುಕವೇ ಇತ್ತು. “ಎಡಗೈದು ಅಂವ ಯಾರಿಗೂ ಕೊಡ್ಲಿಲ್ಲ. ಅದೊಂದ ಇಟಗೊಂಡಿದ್ದ.”

ಮತ್ತೆ ನೀವಾದರೂ ಒಂದು ಮಾತು ಹೇಳಬಹುದಿತ್ತಲ್ಲ ಎಂದು ಅವನು ಹೇಗೋ ಕೇಳಿದ. ನನ್ನನ್ನು ಯಾರು ಕೇಳಿದ್ದರು ಎಂದಳು ಸಾವಿತ್ರಿಬಾಯಿ. ಅಷ್ಟು ಹೇಳಿ, ಇನ್ನೊಂದು ಸಲ ಹಾಕಮ್ಮ ಎಂದು ಮಾಧುರಿಗೆ ಹೇಳಿ ಹೆಡ್‌ಫೋನು ಮತ್ತೆ ಕಿವಿಗೆ ಹಾಕಿಕೊಂಡಳು. ತನಿಯಪ್ಪನದನ್ನೇ.

ಚಿಂಚವಾಡಕ್ಕೆ ಮರಳುವ ಬಸ್ಸಿನಲ್ಲಿ ಹಣಮಂತ್ರಾಯ ಪಾಪ ಹವಾಮಾನದ ಬಗ್ಗೆ ಮಾತಾಡಿದ. ನಿರ್ಣಯದ ಬಗ್ಗೆ ಅವನೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ರಾಮಲಿಂಗಪ್ಪ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಅವನಿಗೆ ಎಷ್ಟು ಜನರ ಮೇಲೆ ಹೊಟ್ಟೆಕಿಚ್ಚು ಎನ್ನುವುದಕ್ಕೆ ಆ ದಿನ ಲೆಕ್ಕವೇ ಸಿಗಲಿಲ್ಲ. ಗೋಡೆಯಾಚೆ ಕೂತು ತನಗೇ ಗೊತ್ತಿಲ್ಲದೆ ಮಾಸ್ತರರ ಕೈಯನ್ನು ಪಡೆದ ತನಿಯಪ್ಪನ ಮೇಲೆ. ಚಪಾತಿ ಬೇಯಿಸುತ್ತ ಎಲ್ಲವನ್ನೂ ಪುಕ್ಕಟೆ ನೋಡಿದ ಸಾವಿತ್ರಿಬಾಯಿಯ ಮೇಲೆ. ಎಂಥದೋ ದೇಶದ ಅಡುಗೆಮನೆಯಲ್ಲಿ ಕೂತು ಎರಡೂ ಕೈ ಬಿಚ್ಚಿಟ್ಟ ಆ ಮುದುಕ ತನಗೆ ಗುರುವಾಗಿ ಸಿಗದೆ ತನಿಯಪ್ಪನಿಗೆ ಸಿಕ್ಕನಲ್ಲ ಎಂದು ಅವನ ಮೇಲೂ. ಎಲ್ಲಕ್ಕಿಂತ ಹೆಚ್ಚಾಗಿ ಸತ್ತುಹೋದ ಮಾಸ್ತರರ ಮೇಲೆ. ಅವರು ಕೊನೆಯ ತನಕ ಒಂದನ್ನು ತಮ್ಮದಾಗಿಯೇ ಉಳಿಸಿಕೊಂಡು ಹೋದರು. ತಾನು ಕಿರುಬೆರಳು ಮುರಿದುಕೊಂಡು ಕಾವಲು ಕಾದದ್ದು ಒಂದು ತಪ್ಪನ್ನು. ಆ ತಪ್ಪನ್ನೇ ಮೂರು ಸಲ, ನಿಧಾನವಾಗಿ, ಜಗತ್ತಿಗೆಲ್ಲ ತೋರಿಸಿಯೂ ಆಯಿತು.

ಮನೆಗೆ ಬಂದ ಮೇಲೆ ಮಾಧುರಿ, ವಿಡಿಯೊ ತೆಗೆದುಹಾಕಲೇ ಎಂದು ಕೇಳಿದಳು. ಬೇಡ ಎಂದ, ಹೂಂ ಎಂದ, ಆಮೇಲೆ ನಾಳೆ ಹೇಳುತ್ತೇನೆ ಎಂದ. ಶಿವಬಸವ್ವ ತಾಟು ಹಾಕಿದಳು, ಏನಾಯಿತು ಎಂದು ಕೇಳಲಿಲ್ಲ. ಅವನ ಮುಖದಲ್ಲಿ ಎಲ್ಲ ಬರೆದಿತ್ತು.

ಮುಂದಿನ ಮೂರು ದಿನ ಕೆಲಸದಿಂದ ಬಂದವನು ಪೆಟ್ಟಿಗೆ ಮುಟ್ಟದೆ ಟೀವಿ ಜೋರು ಮಾಡಿ ಕೂತ. ನಾಲ್ಕನೆಯ ದಿನ ಕಾರ್ಖಾನೆಯಿಂದ ಅರ್ಧ ದಿನದ ರಜೆ ಹಾಕಿ ಬಂದ. ಮೂರು ಗಂಟೆಗೆ, ಅಭ್ಯಾಸ ಇನ್ನೂ ಶುರುವಾಗುವ ಮೊದಲೇ, ತನ್ನ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಪಕ್ಕದ ಮನೆಯ ಬೆಲ್ ಒತ್ತಿದ. ಮೆಟ್ಟಿಲ ಮೇಲೆ ಯಾರೂ ಬರುತ್ತಿಲ್ಲ ಎನ್ನುವುದನ್ನು ಎರಡು ಸಲ ನೋಡಿಕೊಂಡಿದ್ದ.

ತನಿಯಪ್ಪ ಬನಿಯನ್ನಿನಲ್ಲೇ ಬಾಗಿಲು ತೆಗೆದ. ಆಶ್ಚರ್ಯಪಟ್ಟ, ಒಳಗೆ ಕರೆದು ಕೂಡಿಸಿದ, ಕಾಫಿ ಎಂದ. ಕಾಫಿ ಬೇಡ ಎಂದ ರಾಮಲಿಂಗಪ್ಪ. ಏನು ಬೇಕು ಎಂದು ಹೇಳಲು ಬಾಯಿ ಬರಲಿಲ್ಲ. ಎಡಗೈಯನ್ನು ಚರ್ಮದ ಬೆಲ್ಟಿನೊಳಗೆ ತೂರಿಸಿ, ಸುಮ್ಮನೆ ಗುಂಡಿಗಳ ಮೇಲೆ ಇಟ್ಟುಕೊಂಡು ಕೂತ. ತನಿಯಪ್ಪನಿಗೆ ಅರ್ಥವಾಯಿತು. ಒಂದು ಮಾತೂ ಕೇಳದೆ ಎದುರಿಗೆ ಬಂದು ಮೊಣಕಾಲೂರಿ ಕೂತು, ಇವನ ನಡುಬೆರಳು ಹಿಡಿದು ಸಾಲುಗಳ ಮೇಲೆ ಓಡಿಸಿ, ಸಣ್ಣ ಗುಳಿ ಇದ್ದ ಒಂದು ಗುಂಡಿಯ ಮೇಲೆ ನಿಲ್ಲಿಸಿದ. ಇಲ್ಲಿಂದ ಎಲ್ಲ ಲೆಕ್ಕ, ಕಣ್ಣು ಬೇಡ, ಈ ಗುಳಿ ಸಿಕ್ಕಿದರೆ ಮನೆ ಸಿಕ್ಕಿದ ಹಾಗೆ ಎಂದ. ಅಲ್ಲಿಂದ ಎರಡು ಮೇಲೆ ನಿಮ್ಮ ಧುನ್‌ನ ಗುಂಡಿ. ರಾಮಲಿಂಗಪ್ಪ ಒತ್ತಿದ. ಗುಂಡಿ ಒಳಗೆ ಹೋದದ್ದು ಹೊರಗೆ ಬರಲಿಲ್ಲ, ಇಪ್ಪತ್ತು ವರ್ಷದ ಧೂಳು. ತನಿಯಪ್ಪ ಚಮಚದ ತುದಿಯಿಂದ ಅದನ್ನು ಎಬ್ಬಿಸಿದ.

ಮತ್ತೆ ಒತ್ತಿದ. ಈ ಸಲ ಕೆಳಗಿನಿಂದ ಆ ಸ್ವರ ಎದ್ದಿತು. ಜರ್ಮನ್ ಪೆಟ್ಟಿಗೆಯದಲ್ಲ, ಅವನದೇ ಪೆಟ್ಟಿಗೆಯದು, ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದದ್ದು. ಬಲಗೈಯ ಕಿರುಬೆರಳು ಚಾಚದೆ ಆರಾಮಾಗಿ ತನ್ನ ಪಟ್ಟಿಯ ಮೇಲೆ ಕೂತಿತ್ತು. ಕಾಲು ಗಂಟೆ ಕೂಡ ಆಗಿರಲಿಲ್ಲ. ತನಿಯಪ್ಪ ಏನೋ ಗಳಿಸಿದವನ ಹಾಗೆ ನಗುತ್ತಿದ್ದ. ಕೊಟ್ಟವನು ಅವನು, ಬರಿಗೈಯಾದವನಂತೆ ಕಾಣಲೇ ಇಲ್ಲ. ರಾಮಲಿಂಗಪ್ಪನಿಗೆ ಆ ನಗುವಿನ ಮೇಲೂ ಹೊಟ್ಟೆಕಿಚ್ಚಾಯಿತು, ಮತ್ತು ಇದು ಹಿಂದಿನವುಗಳಿಗಿಂತ ಹೆಚ್ಚು ನೋಯಿಸಿತು.

ಏನಾದರೂ ಹೇಳಬೇಕಿತ್ತು. ಉಪಕಾರವಾಯಿತು ಎನ್ನಬಹುದಿತ್ತು, ಉದ್ಘಾಟನೆಗೆ ನೀವೇ ನುಡಿಸಿ ಎನ್ನಬಹುದಿತ್ತು. ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

“ಇದನ್ನ ಯಾರಿಗೂ ಹೇಳಬ್ಯಾಡ್ರಿ.”

“ನೀವು ಬಂದದ್ದು ಹೇಳುದಿಲ್ಲ,” ಎಂದ ತನಿಯಪ್ಪ. “ಗುಂಡಿದು ಹೇಗೆ ಮುಚ್ಚಿಡುದು ಮಾರಾಯ್ರೆ? ಅದು ಆಗ್ಲೇ ಎರಡು ಸಾವಿರ ಜನಕ್ಕೆ ಗೊತ್ತುಂಟು. ನಿಮಗೊಬ್ರಿಗೇ ಬಾಕಿ ಇದ್ದದ್ದು.”

ರಾಮಲಿಂಗಪ್ಪ ನಡುಬೆರಳನ್ನು ಮತ್ತೆ ಆ ಗುಳಿಯ ಮೇಲೆ ತಂದಿಟ್ಟ. ಆಮೇಲೆ, ಇನ್ನೊಮ್ಮೆ ತೋರಿಸಿ ಎಂದು ಕೇಳಿದ.